ಕಣ್ಣು ಒರೆಸಿದ ಕೈ

ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಮೇಲಂತಸ್ತಿನಲ್ಲಿ ನಿಂಬವ್ವನಿಗೆಂದೇ ಒಂದು ಕುರ್ಚಿ ಹಾಕಿದ್ದರು. ಕೆಳಗೆ ಚೀಲಗಳು, ಮೇಲೆ ಯಂತ್ರಗಳು. ಎರಡಕ್ಕೂ ಒಂದೇ ತಂಪು ಬೇಕಾಗಿತ್ತು. ಅಂಗಳದ ಬಿಸಿಲಲ್ಲಿ ಕೂತು ಕಾಯಿಯ ತೊಟ್ಟು ಮುರಿಯುವ ಹುಡುಗಿಗೆ ಆ ತಂಪು ಮೊದಲ ದಿನ ಹಬ್ಬದಂತೆ ಅನಿಸಿತ್ತು. ಈಗ ಮೆಟ್ಟಿಲು ಹತ್ತುವಾಗಲೇ ಬೆನ್ನಲ್ಲಿ ಚಳಿ ಹುಟ್ಟುತ್ತಿತ್ತು.

"ಬಾ ನಿಂಬವ್ವ, ಕೂತ್ಕೋ. ಚಹಾ ಕುಡೀತೀಯಾ?" ಎಂದಳು ವಿಭಾ. ಮೈಸೂರು ಕಡೆಯ ಹುಡುಗಿ, ಯಂತ್ರ ನೋಡಿಕೊಳ್ಳುವ ಇಂಜಿನಿಯರ್. ಚಹಾ ತಾನೇ ತಂದುಕೊಡುತ್ತಿದ್ದಳು. ಅದಕ್ಕೇ ಅವಳನ್ನು ದ್ವೇಷಿಸುವುದು ನಿಂಬವ್ವನಿಗೆ ಕಷ್ಟವಾಗುತ್ತಿತ್ತು.

ನಿಂಬವ್ವ ತಲೆಯಾಡಿಸಿ ಕೂತಳು. ಅವಳಿಗೆ ಮಾತು ಬರುವುದೇ ಕಡಿಮೆ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಅಳು ಬರುತ್ತಿತ್ತು. ಏಳನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟಳು. ಮಾತಿಲ್ಲದವಳಿಗೆ ಉಳಿದದ್ದು ನೋಡುವುದು. ಅಂಗಳಕ್ಕೆ ಬಂದವರ ಚಪ್ಪಲಿ, ಕೈ, ಮುಖ ಎಲ್ಲವನ್ನೂ ಕೂತಲ್ಲಿಂದಲೇ ನೋಡುತ್ತಿದ್ದಳು.

ಆ ನೋಟವೇ ಅವಳನ್ನು ಇಲ್ಲಿಗೆ ತಂದು ಕೂರಿಸಿತ್ತು.

ಅವಳ ಎಡ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದ್ದರು. ನಾಡಿಯ ಬಡಿತ, ಚರ್ಮದ ಬೆವರು ಅದಕ್ಕೆ ತಿಳಿಯುತ್ತಿತ್ತು. ಕುರ್ಚಿಯ ಎದುರಿನ ಸಣ್ಣ ಕ್ಯಾಮೆರಾ ಅವಳ ಕಣ್ಣಿನ ಪಾಪೆ ಹಿಗ್ಗುವುದನ್ನೂ ಕುಗ್ಗುವುದನ್ನೂ ಅಳೆಯುತ್ತಿತ್ತು. ಎಲ್ಲ ಸೇರಿ ಪರದೆಯ ಮೇಲೆ ಒಂದು ಹಸಿರು ಗೆರೆ ಓಡುತ್ತಿತ್ತು. ಮನಸ್ಸಿಗೆ ಹಿಡಿಸಿದ್ದು ಕಂಡರೆ ಗೆರೆ ಏಳುತ್ತಿತ್ತು. ಜನರನ್ನು ಕೇಳಿದರೆ ಸಂಕೋಚಕ್ಕೆ ಎಲ್ಲರನ್ನೂ ಒಳ್ಳೆಯವರೆಂದು ಬಿಡುತ್ತಾರೆ. ಮೈಗೆ ಆ ಸಂಕೋಚ ಇಲ್ಲ. ಮೊದಮೊದಲು ಪಕ್ಷಗಳು ಸಾವಿರಾರು ಜನರಿಗೆ ಪಟ್ಟಿ ಕಟ್ಟಿದವು. ಆಮೇಲೆ ಒಂದು ವಿಚಿತ್ರ ಪತ್ತೆಯಾಯಿತು. ಪ್ರತಿ ಕ್ಷೇತ್ರದಲ್ಲೂ ಯಾರೋ ಒಬ್ಬರ ಗೆರೆ ಇಡೀ ಕ್ಷೇತ್ರದ ಮತಕ್ಕೆ ಹೊಂದಿಕೊಳ್ಳುತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. "ಅವರು ಮಾತಾಡೋರಲ್ಲ, ನೋಡೋರು," ಎಂದಷ್ಟೇ ವಿಭಾ ಹೇಳಿದ್ದಳು. ಅಂಥವರಿಗೆ ಮಾದರಿ ಮತದಾರ ಎಂದು ಹೆಸರು; ಈ ಕ್ಷೇತ್ರಕ್ಕೆ ಅದು ನಿಂಬವ್ವ. ದುಡ್ಡು ಹಂಚುವುದಕ್ಕಿಂತ ಇದು ಮೇಲೆಂದು ಕಾನೂನೂ ಒಪ್ಪಿತ್ತು. ಒಮ್ಮೆ ಹೆಬ್ಬೆಟ್ಟು ಕೊಟ್ಟರೆ ಮತದಾನದ ಹಿಂದಿನ ದಿನದವರೆಗೆ ಪಟ್ಟಿ ಬಿಚ್ಚುವಂತಿರಲಿಲ್ಲ.

ಪೇಟೆಯವರು ಆ ಯಂತ್ರವನ್ನು ತಕ್ಕಡಿ ಎಂದು ಕರೆದರು. ಅದನ್ನು ತರಿಸಿದವನು ಮಾಲತೇಶ ಬಣಕಾರ, ವಿಧಾನಸಭೆಗೆ ನಿಂತವನು.

ಮೊದಲ ವಾರ ನಿಂಬವ್ವನಿಗೆ ಇದು ಆಟದ ಹಾಗಿತ್ತು. ಯಾವ್ಯಾವುದೋ ಊರಿನ ಮುಂದಾಳುಗಳ ಚಿತ್ರ ತೋರಿಸುವರು, ಅವಳು ನೋಡುವಳು. ಒಂದು ದಿನ ಯಾರೋ ಮುದುಕ ಭಾಷಣ ಮಾಡುತ್ತ ನಡುವೆ ಒಂದು ಶಬ್ದ ಮರೆತು, ಕಿವಿಯ ಹಿಂದೆ ಕೆರೆದುಕೊಂಡು, ನಕ್ಕುಬಿಟ್ಟ. ನಿಂಬವ್ವನಿಗೂ ನಗು ಬಂತು. ಗೆರೆ ಎದ್ದಿತು.

ಅವತ್ತೇ ಸಂಜೆ ಬಸ್ ಸ್ಟ್ಯಾಂಡಿನ ಸಭೆಯಲ್ಲಿ ಬಣಕಾರ ಭಾಷಣದ ನಡುವೆ ತಡೆದ. "ಅದೇನೋ ಅಂತಾರಲ್ರಿ..." ಎಂದು ಕಿವಿಯ ಹಿಂದೆ ಕೆರೆದುಕೊಂಡ. ನಕ್ಕ. ಜನ ಸೀಟಿ ಹೊಡೆದರು. "ನಮ್ಮಂಗ ಅದಾನ ನೋಡ್ರಲೇ!" ಎಂದು ಪಕ್ಕದಲ್ಲಿದ್ದ ಹಮಾಲ ಕೂಗಿದ.

ನಿಂಬವ್ವ ಮಣಿಕಟ್ಟಿನ ಪಟ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿದಳು. ತನ್ನ ಒಳಗಿನದೇನೋ ಕದ್ದು ಆ ಮನುಷ್ಯ ಮುಖಕ್ಕೆ ಹಚ್ಚಿಕೊಂಡಿದ್ದ.

*

ಅಂಗಳದಲ್ಲಿ ಕೆಂಪು ರಾಶಿಗಳ ಸುತ್ತ ಹೆಂಗಸರು ಕೂತಿದ್ದರು. ನಿಂಬವ್ವನ ಸೋದರತ್ತೆ ಗುತ್ತೆವ್ವ ಎಲ್ಲರಿಗಿಂತ ಹಿರಿಯಳು. ಅವಳ ಬಾಯಿಗೆ ಕಾಯಿ ಮಾರಿಸುವ ಅಡತಿ ಸಾಹುಕಾರನೂ ಹೆದರುತ್ತಿದ್ದ.

"ಬಂದ್ಳು ನೋಡ್ರಬೇ ನಮ್ಮ ತಕ್ಕಡಿ," ಎಂದಳು ಅತ್ತೆ. "ಇವತ್ತ ಏನ್ ತೂಗಿದ್ರು?"

"ನನಗೇನ್ ಗೊತ್ತತ್ತಿ. ನಾ ಬರೇ ನೋಡತೇನಿ."

"ನೋಡಿದ್ದ ಸಾಕಲ್ಲ! ನೀ ನಿನ್ನೆ ಕೂಸಿನ ಚಿತ್ರ ನೋಡಿ ನಕ್ಕಿರಬೇಕು. ಇವತ್ತ ಮುಂಜಾನೆ ಬಣಕಾರ ನಮ್ಮ ಓಣ್ಯಾಗಿನ ಕೂಸೆಲ್ಲ ಎತ್ತಿ ಎತ್ತಿ ಇಟ್ಟಾನ. ಕಾಳವ್ವನ ಮಗಳು ಅವನ ಅಂಗಿ ಮ್ಯಾಲೆ ಉಚ್ಚಿ ಹೊಯ್ದಾಳ. ಅದಕೂ ನಕ್ಕಾನ!"

ಹೆಂಗಸರು ಕೇಕೆ ಹಾಕಿದರು. ನಿಂಬವ್ವನ ಅಕ್ಕ ಕಾಳವ್ವ ಮಾತ್ರ ನಗಲಿಲ್ಲ. "ಮಿಷನ್ ಬಂದರ ನಾವೆಲ್ಲಿಗೆ ಹೋಗೂದು ಅಂತ ಕೇಳ್ದೆ ಅವನ್ನ. ಹೆಣಮಕ್ಕಳ ಕೆಲಸ ಹೋಗಾಕ ಬಿಡೂದಿಲ್ಲ ಅಂದ."

"ಈರಣ್ಣನೂ ಅದನ್ನ ಹೇಳ್ಯಾನ," ಎಂದಳು ಇನ್ನೊಬ್ಬಳು. ಈರಣ್ಣ ನಿವೃತ್ತ ಬಸ್ ಕಂಡಕ್ಟರ್, ಬಣಕಾರನ ಎದುರು ನಿಂತವನು. ಅವನ ಹತ್ತಿರ ತಕ್ಕಡಿಯೂ ಇರಲಿಲ್ಲ, ಹಿಂಬಾಲಕರೂ ಹೆಚ್ಚಿರಲಿಲ್ಲ.

ತೊಟ್ಟು ಮುರಿಯುವ ಯಂತ್ರ ಬರುವ ಸುದ್ದಿ ಪೇಟೆಯಲ್ಲಿ ಬಲವಾಗಿತ್ತು. ಬಂದರೆ ಅಂಗಳ ಖಾಲಿ. ತಡೆಯುತ್ತೇನೆ ಎಂದವರು ಇಬ್ಬರು. ಅವರಲ್ಲಿ ಒಬ್ಬನ ಮಾತಾದರೂ ಸುಳ್ಳಿರಬಹುದು. ಯಾರದೆಂದು ತಿಳಿಯಲು ಈ ಹೆಂಗಸರ ಹತ್ತಿರ ಒಂದೇ ಒಂದು ಉಪಾಯವಿತ್ತು.

ಅಂಗಳದಲ್ಲಿ ಕೂತವರ ಕೈತುಂಬ ಖಾರ. ಕಣ್ಣಲ್ಲಿ ನೀರು ಬಂದರೆ ತಾವೇ ಒರೆಸಿಕೊಳ್ಳುವಂತಿಲ್ಲ. ಅದಕ್ಕೇ ಯಾರ ಕೈ ಸ್ವಚ್ಛವಿದೆಯೋ ಅವರನ್ನು ಕರೆದು "ಒಂಚೂರು ಕಣ್ಣೊರಸು" ಎನ್ನುವುದು ಮೊದಲಿಂದ ನಡೆದುಬಂದ ರೂಢಿ. ಹಮಾಲನಾಗಲಿ, ಗುಮಾಸ್ತನಾಗಲಿ, ಹಾದಿಹೋಕನಾಗಲಿ, ಕರೆದರೆ ಬಂದು ಒರೆಸಬೇಕು. ಮತ ಕೇಳಲು ಬಂದವರಿಗೂ ಗುತ್ತೆವ್ವ ಹಾಗೇ ಮುಖ ಎತ್ತಿ ಹಿಡಿಯುತ್ತಿದ್ದಳು. ಬಹಳ ಜನ ಒರೆಸುತ್ತಿದ್ದರು. ಒರೆಸುವುದು ದೊಡ್ಡದಲ್ಲ. ಒರೆಸುವ ಮುಂಚೆ, ಕೈ ಎತ್ತುವಾಗ, ಅವರು ಒಮ್ಮೆ ಸುತ್ತ ನೋಡುತ್ತಿದ್ದರು. ಕೆಲವರು ಯಾರೂ ನೋಡದಿರಲಿ ಎಂದು ನೋಡುತ್ತಿದ್ದರು, ಕೆಲವರು ಯಾರಾದರೂ ನೋಡಲಿ ಎಂದು. ಹೆಂಗಸರಿಗೆ ಎರಡೂ ಒಂದೇ, ಅಂಥವರನ್ನು ನಂಬುತ್ತಿರಲಿಲ್ಲ. ಹಿಂದಿನ ಪುರಸಭೆ ಚುನಾವಣೆಯಲ್ಲಿ ಸುತ್ತ ನೋಡದೆ ಒರೆಸಿದವನು ಸೈಕಲ್ ರಿಪೇರಿಯ ಮಾಬುಸಾಬ ಒಬ್ಬನೇ. ಅವನು ಗೆದ್ದ ಮೇಲೆಯೇ ಅಂಗಳಕ್ಕೆ ನಲ್ಲಿ ಬಂದದ್ದು. ಅದಕ್ಕೂ ಮುಂಚೆ ಕಾಳವ್ವ ಕೈ ತೊಳೆಯಲು ನೀರಿಲ್ಲದೆ ಮೊದಲ ಕೂಸಿಗೆ ಹಾಲು ಕುಡಿಸಲು ಹೋಗಿ, ಅದರ ಕಣ್ಣಿಗೆ ಖಾರ ತಾಗಿ, ಅದು ಉಸಿರು ಕಟ್ಟುವ ಹಾಗೆ ಅತ್ತದ್ದನ್ನು ನಿಂಬವ್ವ ಇನ್ನೂ ಮರೆತಿರಲಿಲ್ಲ.

ಗುತ್ತೆವ್ವ ದನಿ ತಗ್ಗಿಸಿದಳು. "ಈ ಕಣ್ಣೊರಸೂದೊಂದನ್ನ ಬಾಯಿ ಬಿಡಬ್ಯಾಡಬೇ ನಿಂಬಿ. ಉಳಿದದ್ದೆಲ್ಲ ಒಯ್ಲಿ."

"ನಾ ಬಾಯಿ ಬಿಡೂದಿಲ್ಲತ್ತಿ," ಎಂದಳು ನಿಂಬವ್ವ. ಕಣ್ಣು ಮಣಿಕಟ್ಟಿನ ಮೇಲಿತ್ತು. "ಇದು ಬಿಡತೈತಿ."

ಆ ಮಧ್ಯಾಹ್ನವೇ ಈರಣ್ಣ ಅಂಗಳಕ್ಕೆ ಬಂದ. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಸವೆದ ಚಪ್ಪಲಿ. ಹಾನಗಲ್ ಕಡೆಯ ಬಸ್ಸು ಯಾಕೆ ಹೊತ್ತಿಗೆ ಬರುವುದಿಲ್ಲ ಎಂದು ವಿವರಿಸುತ್ತಿದ್ದ. ಗುತ್ತೆವ್ವ ಮುಖ ಎತ್ತಿದಳು. "ಯಪ್ಪಾ, ಒಂಚೂರು ಕಣ್ಣೊರಸು."

ಈರಣ್ಣ ಮಾತು ನಿಲ್ಲಿಸಲೇ ಇಲ್ಲ. "ಡ್ರೈವರ್ ಇದ್ರ ಡೀಸೆಲ್ ಇರೂದಿಲ್ಲ ನೋಡವ್ವ..." ಎನ್ನುತ್ತಲೇ ಟವೆಲ್ ಎಳೆದು ಅವಳ ಕಣ್ಣು ಒರೆಸಿದ. ಅದೇ ಟವೆಲ್ಲಿನಿಂದ ತನ್ನ ಮುಖದ ಬೆವರೂ ಒರೆಸಿಕೊಂಡ. "ಅಯ್ಯಯ್ಯಪ್ಪ! ಖಾರಲೇ!" ಎಂದು ಕುಣಿದಾಡಿದ. ಅಂಗಳಕ್ಕೆ ಅಂಗಳವೇ ನಕ್ಕಿತು.

ಅವನು ಸುತ್ತ ನೋಡಿರಲಿಲ್ಲ. ನಿಂಬವ್ವ ಕಣ್ಣಾರೆ ಕಂಡಳು. ಅವಳ ಎದೆ ಡವಡವ ಹೊಡೆದುಕೊಂಡಿತು. ಮಣಿಕಟ್ಟಿನ ಪಟ್ಟಿ ಬೆಚ್ಚಗಾದ ಹಾಗೆ ಭಾಸವಾಯಿತು.

*

"ನಿನ್ನೆ ಮಧ್ಯಾಹ್ನ ಏನಾಯ್ತು?" ವಿಭಾ ಪರದೆಗೆ ಬೆರಳಿಟ್ಟಳು. ಹಸಿರು ಗೆರೆ ಒಂದು ಕಡೆ ತೆಂಗಿನ ಮರದ ಹಾಗೆ ನಿಂತಿತ್ತು. "ಇಷ್ಟು ದಿನದಲ್ಲಿ ಇಷ್ಟು ಎತ್ತರ ಯಾವತ್ತೂ ಹೋಗಿಲ್ಲ."

"ಚೀಲ ಎತ್ತಿದ್ನಿರಿ."

"ಚೀಲ ಎತ್ತಿದರೆ ಗೆರೆ ಬೇರೆ ಥರ ಇರುತ್ತೆ."

ಪಟ್ಟಿಗೆ ಹೊತ್ತೂ ಜಾಗವೂ ಗೊತ್ತಿತ್ತು; ಆ ಹೊತ್ತಿಗೆ ಈರಣ್ಣ ಅಂಗಳದಲ್ಲಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವನು ಏನು ಮಾಡಿದ ಎಂಬುದಷ್ಟೇ ಯಂತ್ರಕ್ಕೆ ಬೇಕಾಗಿತ್ತು. ಅದು ಈರಣ್ಣನದೇ ಚಿತ್ರ ತಾನಾಗಿ ಕಟ್ಟಿ ತೋರಿಸತೊಡಗಿತು. ಈರಣ್ಣ ಕೈ ಮುಗಿಯುತ್ತಾನೆ. ಗೆರೆ ಮಲಗಿದೆ. ಈರಣ್ಣ ನೆಲಕ್ಕೆ ಕೂರುತ್ತಾನೆ. ಮಲಗಿದೆ. ಈರಣ್ಣ ಹೆಗಲ ಟವೆಲ್ಲಿಗೆ ಕೈ ಹಾಕುತ್ತಾನೆ.

ಗೆರೆ ಮಿಸುಕಿತು.

"ಹಾಂ," ಎಂದಳು ವಿಭಾ ಮೆಲ್ಲಗೆ.

ಚಿಕ್ಕಂದಿನಲ್ಲಿ ಒಬ್ಬರು ವಸ್ತು ಬಚ್ಚಿಟ್ಟು ಇನ್ನೊಬ್ಬರು ಹುಡುಕುವ ಆಟ ಆಡುತ್ತಿದ್ದರು. ಇಲ್ಲಿ ಬಚ್ಚಿಟ್ಟವಳ ಮೈಯೇ ಹುಡುಕುವವರಿಗೆ ದಾರಿ ತೋರಿಸುತ್ತಿತ್ತು. ನಿಂಬವ್ವ ನಾಲಿಗೆ ಕಚ್ಚಿಕೊಂಡಳು. ಅವ್ವ ಸತ್ತ ದಿನವನ್ನು ನೆನೆದಳು. ಮನಸ್ಸಿನಲ್ಲೇ ಮಗ್ಗಿ ಹೇಳಿದಳು.

"ಏನನ್ನೋ ಅದುಮಿಡ್ತಿದೀಯ," ಎಂದಳು ವಿಭಾ. "ಅದೂ ಗೆರೆಯಲ್ಲಿ ಕಾಣುತ್ತೆ ನಿಂಬವ್ವ."

ಮರುದಿನ ಯಂತ್ರ ಟವೆಲ್ಲಿನಿಂದ ಕೈಗೆ ಬಂತು. ಅದರ ಮರುದಿನ ಕಣ್ಣಿಗೆ. ಪರದೆಯ ಮೇಲೆ ಈರಣ್ಣ ಮುದುಕಿಯೊಬ್ಬಳ ಕಣ್ಣು ಒರೆಸಿದ. ಗೆರೆ ನೆಗೆಯಿತು, ಆದರೆ ಆ ದಿನದ ಎತ್ತರಕ್ಕಲ್ಲ.

"ಕಣ್ಣು ಒರೆಸೋದು ಹೌದು, ಆದರೆ ಅಷ್ಟೇ ಅಲ್ಲ," ಎಂದು ವಿಭಾ ತನ್ನಷ್ಟಕ್ಕೆ ಹೇಳಿಕೊಂಡಳು. "ಇನ್ನೇನೋ ಇದೆ." ಆಮೇಲೆ ಕುರ್ಚಿ ತಿರುಗಿಸಿ, ಮುಖ ಉಜ್ಜಿಕೊಂಡಳು. "ನಂಗೂ ಮತ ಹಾಕಬೇಕು ಕಣೇ, ನಮ್ಮೂರಲ್ಲಿ. ಯಾರ ಮುಖ ನೋಡಿದರೂ ಗೆರೆಯೇ ಕಣ್ಮುಂದೆ ಬರುತ್ತೆ. ಇದು ಯಾರ ಗೆರೆ ನೋಡಿ ಕಲಿತ ನಗುವೋ ಅನ್ಸುತ್ತೆ."

"ಹಂಗಾದ್ರ ಬಿಟ್ಬಿಡ್ರಿ ಮೇಡಂ."

"ನಾನು ಬಿಟ್ಟರೆ ಈ ಕುರ್ಚಿ ಪಕ್ಕ ಇನ್ನೊಬ್ಬರು ಕೂರ್ತಾರೆ. ಅವರು ಚಹಾ ಕೊಡಲ್ಲ," ಎಂದು ವಿಭಾ ನಗಲು ನೋಡಿದಳು. ಆಮೇಲೆ ನಾಳೆಯ ಏರ್ಪಾಡು ಹೇಳಿದಳು. ಬಣಕಾರ ಅಂಗಳಕ್ಕೆ ಬರುತ್ತಾನೆ. ನಿಂಬವ್ವ ಎದುರಿಗೇ ಕೂರಬೇಕು. ಗುತ್ತೆವ್ವ ಕೇಳಿದಾಗ ಅವನು ಅವಳ ಕಣ್ಣು ಒರೆಸುತ್ತಾನೆ. ನಿಂಬವ್ವನ ಗೆರೆ ಬಿದ್ದರೆ ವಿಭಾ ಅವನ ಕಿವಿಯೊಳಗಿನ ಯಂತ್ರದಲ್ಲಿ ಹೇಳುತ್ತಾಳೆ, ಅವನು ಬೇರೆ ರೀತಿ ಮಾಡುತ್ತಾನೆ. ಇನ್ನೊಬ್ಬಳ ಕಣ್ಣು, ಮತ್ತೆ ಇನ್ನೊಬ್ಬಳದು. ಗೆರೆ ಆ ಎತ್ತರ ಮುಟ್ಟುವವರೆಗೆ.

ಮೆಟ್ಟಿಲು ಇಳಿಯುತ್ತ ನಿಂಬವ್ವ ನಾಳೆಯದನ್ನು ಲೆಕ್ಕ ಹಾಕಿದಳು. ಅವನು ಒಮ್ಮೆ ಸುತ್ತ ನೋಡುತ್ತಾನೆ, ಗೆರೆ ಬೀಳುತ್ತದೆ. ಇನ್ನೊಮ್ಮೆ ನೋಡುವುದಿಲ್ಲ, ಗೆರೆ ಏಳುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಅವನೊಬ್ಬನೇ ಅಲ್ಲ, ತಕ್ಕಡಿ ಇದ್ದ ಯಾರೂ ಸುತ್ತ ನೋಡುವುದಿಲ್ಲ. ಎಲ್ಲರೂ ಮಾಬುಸಾಬರಾಗಿಬಿಡುತ್ತಾರೆ. ನಲ್ಲಿ ತರುವವನು ಯಾರು, ಅಂಗಳ ಮಾರುವವನು ಯಾರು ಎಂದು ತಿಳಿಯಲು ಅತ್ತೆಯ ಹತ್ತಿರ ಏನೂ ಉಳಿಯುವುದಿಲ್ಲ.

*

ಮುಂಜಾನೆ ಅಂಗಳಕ್ಕೆ ಗುಂಟೂರು ಕಾಯಿಯ ಲಾರಿ ಬಂದಿತ್ತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಕಾಯಿ ಬಂದ ದಿನ ಗಾಳಿಯೂ ಉರಿಯುತ್ತದೆ. ಹೆಂಗಸರು ಸೆರಗು ಮೂಗಿಗೆ ಕಟ್ಟಿಕೊಂಡು ಬೈಯುತ್ತ ಕೂತಿದ್ದರು. ವಿಭಾ ಮೂಲೆಯಲ್ಲಿ ಸಣ್ಣ ಪರದೆ ಹಿಡಿದು ನಿಂತಿದ್ದಳು. ಕ್ಯಾಮೆರಾದವರು ಕೆಮ್ಮುತ್ತಿದ್ದರು. ನಿಂಬವ್ವನ ಮುಖಕ್ಕೆ ನೇರವಾಗಿ ಒಂದು ಕ್ಯಾಮೆರಾ ಇಟ್ಟಿದ್ದರು.

ಬಣಕಾರ ಬಿಳಿ ಅಂಗಿಯಲ್ಲಿ ಒಳಗೆ ಬಂದ. ಹಿಂದೆ ಹತ್ತಾರು ಜನ.

ನಿಂಬವ್ವ ರಾಶಿಯಿಂದ ಒಂದು ಕಾಯಿ ಎತ್ತಿದಳು. ತೊಟ್ಟು ಮುರಿದಳು. ಕಾಯಿಯನ್ನು ಸೀಳಿ, ಬೀಜಗಳನ್ನು ಬೆರಳಿಂದ ಪಟ್ಟಿಯ ಕೆಳಗೆ ತುರುಕಿ ತಿಕ್ಕಿದಳು. ಇಷ್ಟು ಸಾಲದು, ಪಾಪೆ ಇನ್ನೂ ಮಾತಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಮಾಡಬೇಡ ಎಂದು ಹೇಳಿಸಿಕೊಂಡದ್ದನ್ನು ಮಾಡಿದಳು. ಅದೇ ಕೈಯಿಂದ ಎರಡೂ ಕಣ್ಣು ಉಜ್ಜಿಕೊಂಡಳು.

ಬೆಂಕಿ. ಅವಳು ಕೂಗಿದಳು. ಅಷ್ಟು ಗಟ್ಟಿಯಾಗಿ ಅವಳು ಹಿಂದೆಂದೂ ಕೂಗಿರಲಿಲ್ಲ.

"ನಿಂಬೀ! ಏನ್ ಮಾಡ್ಕೊಂಡೆಬೇ!" ಅತ್ತೆಯ ದನಿ. ಹೆಂಗಸರೆಲ್ಲ ಒಮ್ಮೆಲೇ ಎದ್ದ ಸದ್ದು. "ಕೈ ಖಾರ ಐತಿ, ನಾವು ಮುಟ್ಟಾಕ ಬರೂದಿಲ್ಲ, ಯಾರರ ನೀರ ತರ್ರೋ!" ದೂರದಲ್ಲಿ ವಿಭಾಳ ಯಂತ್ರ ಕೀಚುಗುಟ್ಟುತ್ತಿತ್ತು. ಮಣಿಕಟ್ಟು ಧಗಧಗ ಉರಿಯುತ್ತಿತ್ತು, ನಾಡಿ ಕುದುರೆಯ ಹಾಗೆ ಓಡುತ್ತಿತ್ತು. ಓಡಲಿ. ಈಗ ಅದಕ್ಕೆ ಏನೂ ತಿಳಿಯುವುದಿಲ್ಲ.

ಆಗ ಒಂದು ಕೈ ಅವಳ ಗದ್ದ ಹಿಡಿಯಿತು. ಇನ್ನೊಂದು ಕೈ ಒದ್ದೆ ಬಟ್ಟೆಯಿಂದ ಅವಳ ಕಣ್ಣು ಒರೆಸಿತು. ಒತ್ತಲಿಲ್ಲ. ಮೂಗಿನ ಕಡೆಯಿಂದ ಹೊರಗಡೆಗೆ, ಒಂದು ಕಣ್ಣು ಮುಗಿಸಿ ಇನ್ನೊಂದು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಕಣ್ಣು ಬಿಡಬ್ಯಾಡವ್ವ, ತಡಿ," ಎಂದಿತು ದನಿ.

ಬಣಕಾರನ ದನಿ.

*

ಸಂಜೆಯ ಹೊತ್ತಿಗೆ ಕಣ್ಣು ಬಿಡುವಷ್ಟಾಯಿತು. ಮನೆಯ ಕಟ್ಟೆಯ ಮೇಲೆ ಕಾಳವ್ವ ಅವಳ ರೆಪ್ಪೆಗೆ ಹಾಲಿನ ಅರಿವೆ ಇಟ್ಟಿದ್ದಳು. ನಿಂಬವ್ವನಿಗೆ ಬೇಕಾಗಿದ್ದುದು ಒಂದೇ ಮಾತು.

"ಅತ್ತಿ, ಒರಸೂ ಮುಂಚೆ ಅವನು ಸುತ್ತ ನೋಡಿದ್ನೇನು?"

ಗುತ್ತೆವ್ವ ಅರಿವೆಯನ್ನು ಮತ್ತೆ ಹಾಲಲ್ಲಿ ಅದ್ದಿದಳು. "ನಾ ನಿನ್ನ ನೋಡಾಕತ್ತಿದ್ನೆಲೇ," ಎಂದಳು.

"ಅಕ್ಕಾ?"

"ನಾನೂ ನಿನ್ನ ನೋಡಾಕತ್ತಿದ್ದೆ."

ಓಣಿಯಲ್ಲಿ ಯಾರನ್ನು ಕೇಳಿದರೂ ಅದೇ. ಇಡೀ ಅಂಗಳ ನಿಂಬವ್ವನನ್ನು ನೋಡುತ್ತಿತ್ತು. ಎಲ್ಲರ ಫೋನಿಗೂ ವಿಡಿಯೊ ಬಂದಿತ್ತು, ಆದರೆ ಅದರಲ್ಲಿ ಇದ್ದದ್ದು ಒಂದು ಕೆನ್ನೆ, ಒಂದು ಕೈ, ಒದ್ದೆ ಬಟ್ಟೆ. ಬಣಕಾರನ ಮುಖ ಇರಲಿಲ್ಲ. ಅದನ್ನು ನೋಡಿ ಹಮಾಲರು ಕಣ್ಣೀರು ಹಾಕಿದರಂತೆ.

ಮತದಾನದ ಹಿಂದಿನ ದಿನ ವಿಭಾ ಪಟ್ಟಿ ಬಿಚ್ಚಲು ಮನೆಗೇ ಬಂದಳು. ಪಟ್ಟಿಯ ಕೆಳಗೆ ಚರ್ಮ ಸುಲಿದು ಕೆಂಪಾಗಿತ್ತು. ಒಂದೆರಡು ಬೀಜ ಇನ್ನೂ ಅಂಟಿಕೊಂಡಿದ್ದವು. ವಿಭಾ ಅವನ್ನು ನೋಡಿದಳು, ಉಗುರಿನಿಂದ ಕೆರೆದು ಬೀಳಿಸಿದಳು.

"ವರದೀಲಿ ಗುಂಟೂರು ಕಾಯಿ ಜೋರು ಅಂತ ಬರೀತೀನಿ," ಎಂದಳು.

ನಿಂಬವ್ವ ಕೆಳಗೆ ಬಿದ್ದ ಬೀಜಗಳನ್ನು ಕಾಲಿನಿಂದ ಅತ್ತ ಸರಿಸಿದಳು.

"ಒಂದು ಹೇಳ್ಲಾ? ಬಣಕಾರರಿಗೆ ಹೇಳಿಕೊಟ್ಟಿದ್ದು ನಿಮ್ಮತ್ತೆ ಕಣ್ಣು ಒರೆಸೋಕೆ. ನಿನ್ನದಲ್ಲ. ನೀನು ಕೂಗಿದಾಗ ಗೆರೆಗೆ ಹುಚ್ಚು ಹಿಡೀತು, ನಾನು ಅವರ ಕಿವೀಲಿ ಏನೂ ಹೇಳಲಿಲ್ಲ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಷ್ಟು ಹೊತ್ತು ಅವರು ಒಬ್ಬರೇ ಇದ್ದರು."

ನಿಂಬವ್ವನ ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. "ನೀವು ಅವರ ಮುಖ ನೋಡಿದ್ರೇನ್ರಿ ಮೇಡಂ?"

"ನಾನು ಪರದೆ ನೋಡ್ತಿದ್ದೆ." ವಿಭಾ ಪಟ್ಟಿಯನ್ನು ಡಬ್ಬಿಯಲ್ಲಿಟ್ಟಳು. "ಪೂರ್ತಿ ಚಿತ್ರ ಮೇಲಿನ ಕೋಣೇಲಿದೆ. ಅವರ ಮುಖಾನೂ ಇದೆ. ನೋಡಬೇಕು ಅಂದರೆ ಬಾ. ಆದರೆ ಕುರ್ಚಿ ಮುಂದಿನ ಕ್ಯಾಮೆರಾ ಆರಿಸೋಕೆ ನನಗೆ ಅಧಿಕಾರ ಇಲ್ಲ. ನೀನೇನು ನೋಡ್ತೀಯ ಅನ್ನೋದನ್ನ ಅದು ನೋಡುತ್ತೆ."

ವಿಭಾ ಹೋದ ಮೇಲೆ ನಿಂಬವ್ವ ಕೋಲ್ಡ್ ಸ್ಟೋರೇಜಿನವರೆಗೆ ನಡೆದುಹೋದಳು. ಮೆಟ್ಟಿಲ ಬುಡದಲ್ಲಿ ನಿಂತಳು. ಮೇಲಿನಿಂದ ತಣ್ಣನೆಯ ಗಾಳಿ ಇಳಿದು ಬರುತ್ತಿತ್ತು. ಮೂರು ಹೆಜ್ಜೆ ಹತ್ತಿದಳು. ಗದ್ದ ಹಿಡಿದ ಆ ಕೈ ನೆನಪಾಯಿತು. ನಡುಗುವುದನ್ನು ಯಾವ ಗೆರೆ ಕಲಿಸಿಕೊಟ್ಟೀತು? ನೋಡಿದರೆ ತನಗೆ ತಿಳಿಯುತ್ತದೆ. ತನಗೆ ತಿಳಿದ ಆ ಕ್ಷಣವೇ ತಕ್ಕಡಿಗೂ ತಿಳಿಯುತ್ತದೆ.

ಇಳಿದು ಬಂದುಬಿಟ್ಟಳು.

ಮರುದಿನ ಶಾಲೆಯ ಮತಗಟ್ಟೆಯಲ್ಲಿ ಸಾಲು ಉದ್ದವಿತ್ತು. ಒಂದು ಕಾಲದಲ್ಲಿ ಎದ್ದು ನಿಂತು ಓದಲಾರದೆ ಅತ್ತಿದ್ದ ಕೋಣೆಯೇ ಅದು. ರಟ್ಟಿನ ಮರೆಯ ಹಿಂದೆ ಎರಡು ಹೆಸರುಗಳು ಒಂದರ ಕೆಳಗೊಂದು ಇದ್ದವು. ಒಬ್ಬನನ್ನು ಅವಳು ಕಣ್ಣಾರೆ ಕಂಡಿದ್ದಳು. ಇನ್ನೊಬ್ಬನನ್ನು ಕಾಣಬಾರದೆಂದು ತಾನೇ ಕಣ್ಣಿಗೆ ಖಾರ ಹಚ್ಚಿಕೊಂಡಿದ್ದಳು. ಕಂಡವನ ಹೆಸರಿನ ಮುಂದೆ ಬೆರಳಿಟ್ಟಳು.

ಒತ್ತಬೇಕು. ಬೆರಳು ಒತ್ತಲಿಲ್ಲ. ಅವಳಿಗೆ ಅರಿವಿಲ್ಲದಂತೆಯೇ ಅವಳ ತಲೆ ತಿರುಗಿ, ಕಣ್ಣುಗಳು ಬಾಗಿಲು, ಕಿಟಕಿ, ಗೋಡೆಯ ಮೂಲೆ, ಮೇಜಿನ ಅಧಿಕಾರಿ, ಎಲ್ಲವನ್ನೂ ಒಮ್ಮೆ ಸುತ್ತಿ ಬಂದವು. ಯಾರಾದರೂ ನೋಡುತ್ತಿದ್ದಾರೆಯೇ ಎಂದು.

ನೋಡಿದ್ದು ತಿಳಿದಾಗ ಅವಳ ಮೈಯೆಲ್ಲ ಬೆವರಿತು. ಬೆರಳು ಒತ್ತಿದಳು. ಮತಯಂತ್ರ ಉದ್ದಕ್ಕೆ ಕೂಗಿತು.

ಹೊರಗೆ ಬಿಸಿಲಲ್ಲಿ ಅತ್ತೆ ಕಾಯುತ್ತಿದ್ದಳು. "ಯಾಕಬೇ ನಿಂಬಿ, ಮತ್ತ ಕಣ್ಣಾಗ ನೀರು?"

"ಖಾರತ್ತಿ," ಎಂದು ನಿಂಬವ್ವ ಮುಖ ಎತ್ತಿ ಹಿಡಿದಳು. ಗುತ್ತೆವ್ವ ಸೆರಗಿನ ತುದಿ ಎಳೆದು, ಎಲ್ಲೂ ನೋಡದೆ, ಒರೆಸಿದಳು.